ಅರಿವಿಗೆ ತಕ್ಕ ನಡೆ: ವಿಶ್ವವಿದ್ಯಾಲಯವೊಂದರ ಸೋಂಕು ಪರೀಕ್ಷೆ ಕಲಿಸುವ ಪಾಠ



ಕೋವಿಡ್ ಸೋಂಕು ತಗುಲಿದ ಎಲ್ಲರಲ್ಲಿಯೂ ಜ್ವರ, ಕೆಮ್ಮು ಕಾಣಿಸುವುದಿಲ್ಲ. ಕಾಣಿಸಿಕೊಂಡವರೂ ಅದಕ್ಕೆ ಒಂದೆರಡು ದಿನ ಮೊದಲೇ ಸೋಂಕನ್ನು ಇತರರಿಗೆ ಹರಡಬಲ್ಲರು. ಸಾವಿರಾರು ಮಕ್ಕಳು ಒಟ್ಟಿಗೆ ಉಂಡು, ಓದಿ, ಮಲಗುವ ವಿದ್ಯಾಕೇಂದ್ರಗಳಲ್ಲಿ ರೋಗಲಕ್ಷಣಕ್ಕಾಗಿ ಕಾಯುವುದೆಂದರೆ ತಡಮಾಡಿದಂತೆಯೇ ಸರಿ. ಇದನ್ನು ಮನಗಂಡು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವು 2020ರಲ್ಲಿ ತನ್ನ ಅರ್ಬಾನಾ-ಶಾಂಪೇನ್ ಆವರಣದಲ್ಲಿ ಆರೋಗ್ಯವಂತರಾಗಿ ಕಾಣುವ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಸಿಬ್ಬಂದಿಯನ್ನೂ ವಾರಕ್ಕೆ ಎರಡು ಬಾರಿ ಪರೀಕ್ಷಿಸುವ ಕಾರ್ಯವನ್ನು ಕೈಗೊಂಡಿತು.

ವಿಧಾನ ಸರಳವಾದುದು. ಮೂಗಿಗೆ ಕಡ್ಡಿ ಹಾಕುವ ಬದಲು ಸಣ್ಣ ನಳಿಕೆಯಲ್ಲಿ ಜೊಲ್ಲನ್ನು ಸಂಗ್ರಹಿಸಿ, 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಲಾಗುತ್ತಿತ್ತು. ಇದರಿಂದ ವೈರಾಣು ನಿಷ್ಕ್ರಿಯವಾಗುವುದಲ್ಲದೆ, ಅದರ ಆರ್‌ಎನ್‌ಎಯನ್ನು ಬೇರ್ಪಡಿಸುವ ದುಬಾರಿ ಹಂತವೂ ತಪ್ಪುತ್ತಿತ್ತು. ಬಳಿಕ ಪಿಸಿಆರ್ ಪರೀಕ್ಷೆ. ವಿಶ್ವವಿದ್ಯಾಲಯದ ಪಶುವೈದ್ಯಕೀಯ ಪ್ರಯೋಗಾಲಯವೇ ಇದಕ್ಕೆ ನೆರವಾಯಿತು. ದಿನವೊಂದಕ್ಕೆ 10,000ಕ್ಕೂ ಹೆಚ್ಚು ಪರೀಕ್ಷೆಗಳು ನಡೆದವು.

ಪದೇ ಪದೇ ಪರೀಕ್ಷಿಸುವುದೇಕೆ? ಸೋಂಕಿನ ಆರಂಭದಲ್ಲಿ ವೈರಾಣುವಿನ ಪ್ರಮಾಣ ಅತ್ಯಲ್ಪವಾಗಿರುವುದರಿಂದ ಒಂದು ಪರೀಕ್ಷೆಗೆ ಅದು ಸಿಕ್ಕದೆ ಹೋಗಬಹುದು. ಕೆಲವು ದಿನಗಳ ನಂತರದ ಪರೀಕ್ಷೆಗೆ ಸಿಕ್ಕೀತು. ಅರ್ಧ ಗಂಟೆಯೊಳಗೆ ಫಲಿತಾಂಶ ನೀಡುವ ಆಂಟಿಜನ್ ಕಿಟ್‌ಗೂ ಈ ಮಾತು ಅನ್ವಯಿಸುತ್ತದೆ. 'ನೆಗೆಟಿವ್' ಎಂಬುದು ಆ ದಿನದ ಮಾತೇ ಹೊರತು ಮುಂದಿನ ವಾರದ ಅಭಯವಲ್ಲ.

ಇಷ್ಟೆಲ್ಲ ಸಿದ್ಧತೆಯಿದ್ದರೂ ಆಗಸ್ಟ್ 24ರಂದು ತರಗತಿಗಳು ಆರಂಭವಾದ ಕೆಲವೇ ದಿನಗಳಲ್ಲಿ ಸೋಂಕು ನಿರೀಕ್ಷೆ ಮೀರಿ ಏರಿತು. ದೋಷವಿದ್ದುದು ಪರೀಕ್ಷೆಯಲ್ಲಲ್ಲ. ಸೋಂಕಿದೆಯೆಂದು ತಿಳಿದವರು ಪ್ರತ್ಯೇಕವಾಗಿ ಉಳಿಯುವರೆಂದು ತಜ್ಞರು ಲೆಕ್ಕ ಹಾಕಿದ್ದರು; ಆದರೆ ಕೆಲವು ವಿದ್ಯಾರ್ಥಿಗಳು ತಿಳಿದೂ ಔತಣಕೂಟಗಳಿಗೆ ಹೋದರು. ಸೆಪ್ಟೆಂಬರ್ 2ರಂದು ವಿಶ್ವವಿದ್ಯಾಲಯವು ಪದವಿ ವಿದ್ಯಾರ್ಥಿಗಳ ಓಡಾಟವನ್ನು ಎರಡು ವಾರಗಳ ಕಾಲ ಅತ್ಯಗತ್ಯ ಕಾರ್ಯಗಳಿಗಷ್ಟೇ ಸೀಮಿತಗೊಳಿಸಿತು. ಆ ಬಳಿಕ ಸೋಂಕು ಇಳಿಮುಖವಾಯಿತು.

ಪರೀಕ್ಷೆಯು ಅರಿವನ್ನು ಕೊಡುತ್ತದೆ. ಹರಡುವಿಕೆಯನ್ನು ತಡೆಯುವುದು ಅರಿತವರ ನಡೆ. ಆ ನಡೆಗೆ ಅನುವು ಮಾಡಿಕೊಡುವುದು ಸಂಸ್ಥೆಯ ಹೊಣೆ. ಹಾಜರಾತಿ ಹೋದೀತು, ಕೂಲಿ ಕಡಿತವಾದೀತು, ನಾಲ್ಕು ಜನ ಆಡಿಕೊಂಡಾರು ಎಂಬ ಅಂಜಿಕೆಯಿದ್ದಲ್ಲಿ ಜನರು ಪರೀಕ್ಷೆಯಿಂದಲೇ ದೂರ ಸರಿಯುತ್ತಾರೆ. ಸೋಂಕಿತ ವಿದ್ಯಾರ್ಥಿಗೆ ಕೋಣೆಗೇ ಊಟ, ತಪ್ಪಿದ ಪಾಠಕ್ಕೆ ಪರ್ಯಾಯ, ಅಡುಗೆಯವರಿಗೂ ಸ್ವಚ್ಛತಾ ಸಿಬ್ಬಂದಿಗೂ ಸಂಬಳಸಹಿತ ರಜೆ ದೊರೆತಾಗಲೇ ಪರೀಕ್ಷೆ ಸಾರ್ಥಕವಾಗುತ್ತದೆ.

ವಸತಿನಿಲಯಗಳಲ್ಲಿ ಓದುತ್ತಿರುವ ಮಕ್ಕಳಿಗೆ ಹಿರಿಯರು ಈ ಮಾತನ್ನು ತಿಳಿಹೇಳಬೇಕು. ಸೋಂಕು ದೃಢಪಟ್ಟಾಗ ಮುಚ್ಚಿಡದೆ, ಭೇಟಿಯಾದವರಿಗೆ ತಿಳಿಸಿ, ಕೆಲವು ದಿನ ಪ್ರತ್ಯೇಕವಾಗಿರುವುದು ಅವಮಾನವಲ್ಲ. ಅದು ಮನೆಯಲ್ಲಿರುವ ಅಜ್ಜ-ಅಜ್ಜಿಯರ ಪ್ರಾಣಕ್ಕೆ ಕಾವಲು.