ದೇವದಾರು: ಹೆಸರು ಮತ್ತು ಮರ

ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯು 13ನೆಯ ಶತಮಾನದ ಎರಡು ಹೊಯ್ಸಳ ದೇವಾಲಯಗಳಿಂದ ಪ್ರಸಿದ್ಧವಾಗಿದೆ. ಒಂದು ಚೆನ್ನಕೇಶವನದು, ಇನ್ನೊಂದು ಸೋಮೇಶ್ವರನದು. ಆದರೆ ಶಿವನ ಸಾಕುಮಗನೆಂದು ಕಾಳಿದಾಸನ ‘ರಘುವಂಶ’ದ ಎರಡನೆಯ ಸರ್ಗವು ವರ್ಣಿಸುವ ದೇವದಾರು ವೃಕ್ಷವು ಈ ಸೋಮೇಶ್ವರನ ಸೀಮೆಯದಲ್ಲ. ಹೆಸರು ಮಾತ್ರ ಕನ್ನಡ ನಾಡಿನಲ್ಲಿ ಬಳಕೆಯಲ್ಲಿದೆ. ಹೆಸರಿಗೂ ಮರಕ್ಕೂ ಇರುವ ಈ ಅಂತರವು ಜಾನಪದ ಅಧ್ಯಯನದಲ್ಲಿ ಪರಿಶೀಲನಾರ್ಹವಾಗಿದೆ.

ದೇವದಾರು ಪಶ್ಚಿಮ ಹಿಮಾಲಯದ ದೇಶೀಯ ವೃಕ್ಷ. ಸೂಜಿಯಂಥ ಎಲೆ, ಶಂಕುವಿನಾಕಾರದ ಕಾಯಿಗಳುಳ್ಳ ಈ ನಿತ್ಯಹರಿದ್ವರ್ಣ ಮರವು ಹೆಚ್ಚಾಗಿ 1,500ರಿಂದ 3,000 ಮೀಟರ್ ಎತ್ತರದ ತಂಪು ಇಳಿಜಾರುಗಳಲ್ಲಿ ಬೆಳೆಯುತ್ತದೆ. ಇದರ ಕಾಯಿ ಮಾಗಿದಾಗ ಮರದ ಮೇಲೆಯೇ ಬಿಡಿಬಿಡಿಯಾಗಿ ಕಳಚುವುದರಿಂದ ಬೀಜಕ್ಕಾಗಿ ಮುಂಚಿತವಾಗಿಯೇ ಕೊಯ್ಯಬೇಕಾಗುತ್ತದೆ. ಎಣ್ಣೆಯಂಶವುಳ್ಳ ಬೀಜವನ್ನು ಬಹುಕಾಲ ಕಾದಿಡಲಾಗದು. ಹಿಮದಡಿಯ ತೇವದಲ್ಲಿ ಚಳಿಗಾಲ ಕಳೆದ ಬೀಜವು ಹಿಮ ಕರಗಿದಾಗ ಮೊಳೆಯುತ್ತದೆ. ಎಳೆಯ ಸಸಿಗೆ ತುಸು ನೆರಳು, ನೀರು ನಿಲ್ಲದ ಮಣ್ಣು ಹಾಗೂ ದನಕುರಿಗಳಿಂದ ರಕ್ಷಣೆ ಅವಶ್ಯಕ.

ಕಾಳಿದಾಸನ ಕಥನದಲ್ಲಿಯೂ ಈ ಪಾಲನೆಯ ಭಾವವೇ ಮುಖ್ಯವಾಗಿದೆ. ಪಾರ್ವತಿಯು ನೀರೆರೆದು ಬೆಳೆಸಿದ ಮರದ ತೊಗಟೆಯನ್ನು ಕಾಡಾನೆ ಉಜ್ಜಿ ಸುಲಿದಾಗ, ಶಿವನು ಸಿಂಹವೊಂದನ್ನು ಕಾವಲಿಗಿಡುತ್ತಾನೆ. ಹಿಮಾಚಲದ ಮನಾಲಿಯ ಹಿಡಿಂಬಾ ದೇವಾಲಯವನ್ನು ಸುತ್ತುವರಿದ ದೇವದಾರು ವನದಲ್ಲಿ ಇಂಥ ದೈವೀ ಕಾವಲಿನ ನಂಬಿಕೆಯನ್ನು ಕಾಣಬಹುದು. ಕರ್ನಾಟಕದ ದೇವರಕಾಡುಗಳ ಹಿಂದಿರುವ ನಂಬಿಕೆಯೂ ಇದಕ್ಕೆ ಸಮಾನವಾದುದು.

ಸುಮಾರು 800 ಮೀಟರ್ ಎತ್ತರದ ಅರಸೀಕೆರೆ ಸೀಮೆಯು ತೆಂಗು, ರಾಗಿಗಳ ಬಯಲು. ಇಲ್ಲಿ ಹಿಮ ಬೀಳುವುದಿಲ್ಲ. ಬೇಸಿಗೆಯ ಒಣಬಿಸಿಲು ದೇವದಾರು ಸಸಿಗೆ ಹಿತವಲ್ಲ. ಆದರೆ ದಕ್ಷಿಣದ ಒಣಭೂಮಿಯ ಕುರುಚಲು ಕಾಡುಗಳಲ್ಲಿ ಬೆಳೆಯುವ, ಸುವಾಸನೆಯ ಕೆಂಚು ಚೇಗುಳ್ಳ ಎರಿತ್ರಾಕ್ಸಿಲಮ್ ಮೋನೋಗೈನಮ್ ಎಂಬ ಚಿಕ್ಕ ಮರಕ್ಕೂ ದೇವದಾರು ಎಂಬ ಹೆಸರು ಸಂದಿದೆ. ಬಂಗಾಳದಲ್ಲಿ ಇದೇ ಹೆಸರು ಇನ್ನೊಂದು ಮರದ್ದು; ಕನ್ನಡಿಗರು ಉದ್ಯಾನಗಳಲ್ಲಿ ‘ಅಶೋಕ’ವೆಂದು ಕರೆಯುವ, ಕಂಬದಂತೆ ನೀಳವಾದ ಮರವೇ ಅಲ್ಲಿ ‘ದೇಬ್‌ದಾರು’. ಮೂರೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಇವುಗಳಲ್ಲಿ ಹಿಮಾಲಯದ್ದು ಮಾತ್ರ ಶಂಕುಧಾರಿ.

‘ದಾರು’ ಎಂದರೆ ಮರ, ಕಟ್ಟಿಗೆ. ದೇವರಿಗೆ ಸಲ್ಲುವ ಮರವೆಂಬ ಅರ್ಥವು ಯಾವ ನೆಲದಲ್ಲಿಯೂ ಹೊಸ ಆಶ್ರಯ ಪಡೆಯಬಲ್ಲದು. ಹಾಗೆಂದು ಈ ಬಳಕೆಯನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಔಷಧದ ವಿಷಯದಲ್ಲಿ ಹೆಸರಿನ ಸಾಮ್ಯವು ಗುಣದ ಸಾಮ್ಯವಾಗದು. ಆದುದರಿಂದ ನಾಟಿವೈದ್ಯರ ಅಥವಾ ಹಾಡುಗಾರ್ತಿಯರ ಬಾಯಿಂದ ‘ದೇವದಾರು’ ಎಂಬ ಮಾತನ್ನು ದಾಖಲಿಸುವ ಕ್ಷೇತ್ರಕಾರ್ಯಕರ್ತರು ಅವರು ತೋರಿಸುವ ಮರದ ಎಲೆ, ಹೂ, ಕಾಯಿಗಳ ಮಾದರಿಯನ್ನೂ ಸಂಗ್ರಹಿಸಬೇಕು. ಮರವನ್ನು ಬಿಟ್ಟು ಹೆಸರನ್ನಷ್ಟೇ ಉಳಿಸಿದ ದಾಖಲೆಯು ಮುಂದಿನವರನ್ನು ದಾರಿ ತಪ್ಪಿಸುತ್ತದೆ.