ಉಸಿರಿನ ಧೂಳು, ಗಣಕಯಂತ್ರದ ಲೆಕ್ಕ

ಡೊಂಬಿವಲಿಯಲ್ಲಿ 2014ರಲ್ಲಿ ಹಸಿರು ಮಳೆ ಸುರಿಯಿತು, 2020ರಲ್ಲಿ ಎಂ.ಐ.ಡಿ.ಸಿ. ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು. ಬಣ್ಣದ ಮಾಲಿನ್ಯ ಸುದ್ದಿಯಾಗುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ, 2.5 ಮೈಕ್ರಾನಿಗಿಂತ ಸೂಕ್ಷ್ಮವಾದ ಕಣಗಳಾದರೋ ಯಾರ ಕಣ್ಣಿಗೂ ಬೀಳವು.

ಅವನ್ನು ಮನೆಯಲ್ಲೇ ಅಳೆಯಲು ಎಸ್‌ಡಿಎಸ್011 ಎಂಬ ಪುಟ್ಟ ಸಂವೇದಕವಿದೆ. ಪುಟ್ಟ ಫ್ಯಾನು ಗಾಳಿಯನ್ನು ಒಳಗೆಳೆಯುತ್ತದೆ. ಕಣಗಳಿಗೆ ತಗುಲಿ ಚದರಿದ ಲೇಸರ್ ಬೆಳಕಿನಿಂದ ಅವುಗಳ ಪ್ರಮಾಣ ತಿಳಿಯುತ್ತದೆ. ಯುಎಸ್‌ಬಿ ಮೂಲಕ ಗಣಕಯಂತ್ರಕ್ಕೆ ಜೋಡಿಸಿದರೆ ಸೆಕೆಂಡಿಗೊಮ್ಮೆ 10 ಬೈಟುಗಳ ವರದಿ ಬರುತ್ತದೆ. ತಂತ್ರಾಂಶವು ಮೂರನೆಯ ಬೈಟಿಗೆ ನಾಲ್ಕನೆಯದರ 256 ಪಟ್ಟನ್ನು ಕೂಡಿಸಿ 10ರಿಂದ ಭಾಗಿಸುತ್ತದೆ. ಘನಮೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂಬ ಉತ್ತರ ಸಿದ್ಧ.

ಕ್ಷಣದ ಅಂಕಿಗೆ ಗಾಬರಿಯಾಗಬೇಕಿಲ್ಲ. ಒಗ್ಗರಣೆಯ ಹೊಗೆಗೂ ಅದು ಜಿಗಿಯುತ್ತದೆ! ನಮ್ಮ ದೇಶದ ಮಿತಿಯಾದ 60 ಎಂಬುದು 24 ಗಂಟೆಗಳ ಸರಾಸರಿ. ಆದುದರಿಂದ ತಂತ್ರಾಂಶ ದಿನವಿಡೀ ಅಂಕಿಗಳನ್ನು ದಾಖಲಿಸಬೇಕು. ತೇವಾಂಶ ಶೇಕಡ 70 ದಾಟುವ ಮಳೆಗಾಲದಲ್ಲಿ ನೀರು ಹೀರಿ ಉಬ್ಬಿದ ಕಣಗಳಿಂದ ಲೆಕ್ಕ ಹಿಗ್ಗುತ್ತದೆ.

ಇದಕ್ಕಿಂತ ಮುಖ್ಯವಾದುದೆಂದರೆ, ಈ ಯಂತ್ರಕ್ಕೆ ಅನಿಲ ಕಾಣದು. ನಡುರಾತ್ರಿ ರಾಸಾಯನಿಕದ ವಾಸನೆ ಅಡರಿದಾಗ ಪರದೆಯ ಮೇಲೆ 20 ಎಂದೇ ಇದ್ದರೂ ಉಬ್ಬಸದವರು ಅದನ್ನು ನಂಬದೆ ಕಿಟಕಿ ಮುಚ್ಚುವುದು ಲೇಸು. ಆ ಹೊತ್ತನ್ನು ಗುರುತಿಟ್ಟುಕೊಂಡು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲ್ಯಾಣ ಕಚೇರಿಗೆ ಬರೆದು ತಿಳಿಸಬೇಕು.