ಎರಡು ಹಳ್ಳಗಳ ಊರಿನ ಹೆಣ್ಣುಮಗಳು

ಶ್ರಾವಣಮಾಸದ ಪ್ರವಚನವು ಮುಗಿದ ಒಂದು ಸಂಜೆ ಪರಿಚಿತ ಸದ್ಭಕ್ತರೊಬ್ಬರು ತಮ್ಮ ಹದಿಮೂರರ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗಿಗೆ ಕಾಲ್ಚೆಂಡಾಟದಲ್ಲಿ ಬಹಳ ಆಸಕ್ತಿ. ಬೇರೆ ಊರಿನ ಕ್ರೀಡಾ ವಸತಿನಿಲಯಕ್ಕೆ ಸೇರುವೆನೆಂದು ಹಟ ಹಿಡಿದಿದ್ದಳು. "ಶಾಸ್ತ್ರಿಗಳೇ, ಹೆಣ್ಣುಮಗಳಿಗೆ ಇದು ತಕ್ಕುದಾದ ಹಾದಿಯೇ? ತಾವೇ ನಾಲ್ಕು ಮಾತು ಹೇಳಬೇಕು" ಎಂದು ತಂದೆ ಕೇಳಿದರು. ಅವರು ನನ್ನಿಂದ ಯಾವ ನಾಲ್ಕು ಮಾತುಗಳನ್ನು ನಿರೀಕ್ಷಿಸಿದ್ದರೆಂಬುದು ನನಗೆ ತಿಳಿಯದೆ ಇರಲಿಲ್ಲ. ಆದರೆ ಆ ಆಟದ ವಿಷಯವನ್ನೇ ಅರಿಯದ ನಾನು ಅಂದು ಏನನ್ನೂ ಹೇಳದೆ ಸುಮ್ಮನಾದೆ. ಆಮೇಲೆ ವಿಚಾರಿಸುತ್ತ ಹೋದಂತೆ ಬ್ರೆಜಿಲ್ ದೇಶದ ಒಬ್ಬ ಆಟಗಾರ್ತಿಯ ಎಳವೆಯ ವೃತ್ತಾಂತವು ನನ್ನ ಗಮನವನ್ನು ಸೆಳೆಯಿತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಆಕೆಯ ಹೆಸರು ಮಾರ್ತಾ ವಿಯೆರಾ ದ ಸಿಲ್ವ. ಹುಟ್ಟಿದ್ದು 1986ರ ಫೆಬ್ರವರಿ 19ರಂದು, ಬ್ರೆಜಿಲ್‌ನ ಈಶಾನ್ಯದ ಅಲಗೋವಾಸ್ ರಾಜ್ಯದ ದೋಯಿಸ್ ರಿಯಾಷೋಸ್ ಎಂಬ ಸಣ್ಣ ಊರಿನಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿ ಆ ಹೆಸರಿಗೆ 'ಎರಡು ಹಳ್ಳಗಳು' ಎಂದರ್ಥ. ಹೆಸರಿನಲ್ಲಿ ಹಳ್ಳಗಳಿದ್ದರೂ ಅದು ಮೇಲಿಂದ ಮೇಲೆ ಬರ ಬೀಳುವ ಒಣ ಸೀಮೆ. ನಮ್ಮ ಬಯಲುಸೀಮೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ತಾ ಹಸುಗೂಸಾಗಿದ್ದಾಗಲೇ ತಂದೆ ಮನೆಯನ್ನು ಬಿಟ್ಟು ಹೋದನು. ತಾಯಿ ತೆರೆಜಾ ಹಗಲೆಲ್ಲ ದುಡಿದು ನಾಲ್ವರು ಮಕ್ಕಳನ್ನು ಸಾಕಿದಳು. ಮಾರ್ತಾ ಅವರಲ್ಲಿ ಕಿರಿಯಳು. ಅಂಗಡಿಯ ಚೀಲಗಳನ್ನು ಮುದುಡಿ ಕಟ್ಟಿದ ಉಂಡೆಯೇ ಅವಳಿಗೆ ಚೆಂಡು, ಜೊತೆಗಾರರೆಲ್ಲರೂ ಗಂಡುಹುಡುಗರು. ಊರ ಜನ ಆಡಿಕೊಂಡರು, ಅಣ್ಣನು ಗದರಿಸಿದನು. ನೆರೆಯೂರಿನ ಬಾಲಕರ ಪಂದ್ಯಾವಳಿಯಲ್ಲಿ, ಈ ಹುಡುಗಿ ಆಡುವುದಾದರೆ ತನ್ನ ತಂಡವನ್ನು ಹಿಂದಕ್ಕೆ ಕರೆದೊಯ್ಯುವೆನೆಂದು ಎದುರು ತಂಡದ ತರಬೇತುದಾರನೊಬ್ಬನು ಪಟ್ಟು ಹಿಡಿದನಂತೆ. ಅವಳು ಆಡಬಲ್ಲಳೇ ಇಲ್ಲವೇ ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ; ಬಹುಶಃ ಚೆನ್ನಾಗಿ ಆಡುವುದೇ ತೊಡಕಾಗಿತ್ತು.

ಇದನ್ನು ಒಂದು ಕುಗ್ರಾಮದ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1941ರಲ್ಲಿ ಬ್ರೆಜಿಲ್ ಸರಕಾರವೇ ಒಂದು ಶಾಸನವನ್ನು ಹೊರಡಿಸಿ, ಸ್ತ್ರೀಯರ 'ಸ್ವಭಾವಕ್ಕೆ ಹೊಂದದ' ಕ್ರೀಡೆಗಳನ್ನು ಅವರು ಆಡಕೂಡದೆಂದು ವಿಧಿಸಿತ್ತು. ತಾಯ್ತನಕ್ಕೆ ಕೇಡಾಗುತ್ತದೆಂಬುದು ಆ ಕಾಲದಲ್ಲಿ ಕೇಳಿಬರುತ್ತಿದ್ದ ವಾದ. 1965ರಲ್ಲಿ ಕಾಲ್ಚೆಂಡಾಟದ ಹೆಸರನ್ನೇ ಎತ್ತಿ ನಿಷೇಧಿಸಲಾಯಿತು. ಈ ನಿರ್ಬಂಧವು ತೊಲಗಿದ್ದು 1979ರಲ್ಲಿ, ಮಾರ್ತಾ ಹುಟ್ಟುವುದಕ್ಕೆ ಕೇವಲ ಏಳು ವರ್ಷಗಳ ಮುನ್ನ. ಬ್ರೆಜಿಲ್‌ನ ಗಂಡಸರು 1958, 1962 ಮತ್ತು 1970ರಲ್ಲಿ ವಿಶ್ವಕಪ್ ಗೆದ್ದು ಜಗದ ಕಣ್ಮಣಿಗಳಾದಾಗ, ಅದೇ ನಾಡಿನ ಹೆಂಗಸರಿಗೆ ಅದೇ ಆಟ ಅಪರಾಧವಾಗಿತ್ತು! ಸ್ವಭಾವವೆಂಬ ಶಬ್ದವನ್ನು ಶಾಸ್ತ್ರಾಭ್ಯಾಸ ಮಾಡಿದ ನಾವು ಲೀಲಾಜಾಲವಾಗಿ ಬಳಸುತ್ತೇವೆ. ನಾನೂ ಹಿಂದೊಮ್ಮೆ ವೇದಿಕೆಯ ಮೇಲೆ ಹೆಣ್ಣುಮಕ್ಕಳ ಆಟೋಟಗಳ ಬಗ್ಗೆ ಅದೇ ಶಬ್ದವನ್ನು ಬಳಸಿ ಮಾತನಾಡಿದವನೇ. ಬ್ರೆಜಿಲ್‌ನ ಆ ಶಾಸನವನ್ನು ಕುರಿತು ಓದಿದಾಗ ನನ್ನ ಮಾತುಗಳೇ ನೆನಪಾಗಿ ಮನಸ್ಸು ಮುದುಡಿತು.

2000ದಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮಾರ್ತಾ ರಿಯೊ ದ ಜನೈರೊ ನಗರಕ್ಕೆ ಬಸ್ಸು ಹತ್ತಿದಳು. ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ, ಮೂರು ದಿನಗಳ ಪ್ರಯಾಣ. ಅಲ್ಲಿ ವಾಸ್ಕೊ ದ ಗಾಮ ಎಂಬ ಕ್ಲಬ್ಬು ಇದೆ. ಕಲ್ಲಿಕೋಟೆಗೆ ಬಂದಿಳಿದ ಆ ನಾವಿಕನ ಹೆಸರೇ ಅದಕ್ಕೆ. ತರಬೇತುದಾರಳಾದ ಹೆಲೆನಾ ಪಾಶೆಕೊ ಹುಡುಗಿಯನ್ನು ಪರೀಕ್ಷಿಸಿ ತಂಡಕ್ಕೆ ಸೇರಿಸಿಕೊಂಡಳು.

ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಂಟಿಯಾಗಿ ನಡೆದುದನ್ನು ಇಲ್ಲಿ ಯಾರಾದರೂ ನೆನೆಯಬಹುದು. ನಾನು ಆ ಹೋಲಿಕೆಯನ್ನು ಎಳೆದು ತರಲಾರೆ. ಅದು ಅನುಭಾವದ ಹಾದಿ, ಇದು ಅನ್ನದ ಹಾದಿ. ಆದರೆ ಅನ್ನದ ಹಾದಿಯನ್ನೂ ಶರಣರು ಕೀಳೆಂದು ಎಣಿಸಲಿಲ್ಲವಷ್ಟೆ. ಕದಿರ ರೆಮ್ಮವ್ವೆ ನೂಲು ತೆಗೆದಳು, ಆಯ್ದಕ್ಕಿ ಲಕ್ಕಮ್ಮ ಅಕ್ಕಿಯನ್ನು ಆಯುವ ಕಾಯಕದ ಮಿತಿಯನ್ನು ತನ್ನ ಗಂಡನಿಗೇ ತಿಳಿಹೇಳಿದಳು. ಹೆಣ್ಣು ತನ್ನ ದುಡಿಮೆಯಿಂದ ಬದುಕುವುದು ನಮ್ಮ ಪರಂಪರೆಗೆ ಹೊಸದಲ್ಲ. ಹಾಗೆಂದು ತಂದೆತಾಯಿಗಳ ಅಳುಕನ್ನು ಹಗುರವಾಗಿ ಕಾಣಲಾಗದು. ಹದಿನಾಲ್ಕರ ಮಗುವನ್ನು ದೂರದ ಊರಿಗೆ ಕಳಿಸುವಾಗ ಅಲ್ಲಿ ನೋಡಿಕೊಳ್ಳುವವರು ಯಾರು, ಓದಿನ ಗತಿಯೇನು, ಮೊಣಕಾಲಿಗೆ ಪೆಟ್ಟಾದರೆ ಆಧಾರವೇನು ಎಂದು ಕೇಳುವುದು ಹೆತ್ತವರ ಧರ್ಮವೇ ಸರಿ. ಆ ಸದ್ಭಕ್ತರಿಗೆ ನಾನು ಕೊನೆಗೆ ಹೇಳಿ ಕಳುಹಿಸಿದ್ದೂ ಇದನ್ನೇ: ಈ ಪ್ರಶ್ನೆಗಳನ್ನು ವಸತಿನಿಲಯದವರಿಗೆ ಕೇಳಿರಿ, 'ಹೆಣ್ಣಿಗೆ ತಕ್ಕುದೇ' ಎಂಬ ಪ್ರಶ್ನೆಯನ್ನು ಮಗಳಿಗೆ ಕೇಳಬೇಡಿರಿ.

ಇಂಥ ಅಳುಕಿಗೆ ಕಾರಣವಿದೆಯೆಂಬುದಕ್ಕೆ ಮಾರ್ತಾಳ ಬದುಕೇ ಸಾಕ್ಷಿ. ವಾಸ್ಕೊ ಕ್ಲಬ್ಬು ಎರಡು ವರ್ಷಗಳಲ್ಲಿ ತನ್ನ ಮಹಿಳಾ ತಂಡವನ್ನು ಮುಚ್ಚಿತು. ಅವಳು ಮಿನಾಸ್ ಜೆರೈಸ್ ರಾಜ್ಯದ ಸಾಂತಾ ಕ್ರೂಜ್ ಎಂಬ ಚಿಕ್ಕ ಕ್ಲಬ್ಬಿಗೆ ಹೋದಳು. ಪ್ರತಿಭೆಯಿತ್ತು, ನೆಲೆಯಿರಲಿಲ್ಲ. 2003ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಹದಿನೇಳರ ಮಾರ್ತಾ ಮೂರು ಗೋಲುಗಳನ್ನು ಹೊಡೆದಳು. ಎಂಟರ ಘಟ್ಟದಲ್ಲಿ ಬ್ರೆಜಿಲ್ ಸ್ವೀಡನ್ನಿಗೆ ಸೋತಿತು. ಮರುವರ್ಷ ಅವಳನ್ನು ಬರಮಾಡಿಕೊಂಡದ್ದು ಅದೇ ಸ್ವೀಡನ್ನಿನ ಉಮೆಯೊ ಕ್ಲಬ್ಬು.

ಉಮೆಯೊ ಸ್ಟಾಕ್‌ಹೋಮಿನಿಂದ ಸುಮಾರು ಆರುನೂರು ಕಿಲೋಮೀಟರ್ ಉತ್ತರದಲ್ಲಿದೆ. ನಡುಚಳಿಗಾಲದಲ್ಲಿ ಸೂರ್ಯದರ್ಶನ ದಿನಕ್ಕೆ ನಾಲ್ಕೈದು ತಾಸು ಮಾತ್ರ. ಹಿಮವನ್ನೇ ಕಾಣದ ಸೀಮೆಯ ಹುಡುಗಿ; ಸ್ವೀಡಿಷ್ ಬಾರದು, ಇಂಗ್ಲಿಷೂ ಬಾರದು. ಆದರೆ ಆ ಊರಿನಲ್ಲಿ ಆಟವು ಹೆಣ್ಣಿಗೂ ಒಂದು ಉದ್ಯೋಗವಾಗಿತ್ತು. ಬಂದ ವರ್ಷವೇ ಉಮೆಯೊ ಯುರೋಪಿನ ಮಹಿಳಾ ಕಪ್ಪನ್ನು ಗೆದ್ದಿತು. ಎರಡು ಹಂತಗಳ ಅಂತಿಮ ಪಂದ್ಯದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ತಂಡವನ್ನು ಒಟ್ಟು 8–0 ಅಂತರದಿಂದ ಸೋಲಿಸಿತು. 2005ರಿಂದ 2008ರವರೆಗೆ ಸತತ ನಾಲ್ಕು ವರ್ಷ ಸ್ವೀಡನ್ನಿನ ಲೀಗ್ ಪ್ರಶಸ್ತಿಯೂ ಆ ಕ್ಲಬ್ಬಿನದಾಯಿತು. 2006ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಫೀಫಾ ಸಂಸ್ಥೆಯ ವರ್ಷದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಮಾರ್ತಾಳಿಗೆ ಸಂದಿತು. ಅದು 2010ರವರೆಗೂ ಬೇರೆಯವರ ಪಾಲಾಗಲಿಲ್ಲ.

2007ರ ಜುಲೈನಲ್ಲಿ ಅವಳು ರಿಯೊ ನಗರಕ್ಕೆ ಮರಳಿ ಬಂದು ಆಡಿದಳು. ಪಾನ್ ಅಮೆರಿಕನ್ ಕ್ರೀಡಾಕೂಟದ ಅಂತಿಮ ಪಂದ್ಯ. ಮರಕಾನಾ ಕ್ರೀಡಾಂಗಣದಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿ ಜನ. ಬ್ರೆಜಿಲ್‌ಗೆ ಅಮೆರಿಕದ ಮೇಲೆ 5–0 ಜಯ. ಆ ಕ್ರೀಡಾಂಗಣದಲ್ಲಿ ಮಹಾನ್ ಆಟಗಾರರ ಪಾದಗಳ ಅಚ್ಚನ್ನು ಪಡೆದು ಇರಿಸುವ ಸಂಪ್ರದಾಯವಿದೆ. ಆ ಸಾಲಿಗೆ ಸೇರಿದ ಮೊದಲ ಹೆಣ್ಣಿನ ಪಾದಗಳು ಮಾರ್ತಾಳವು.

ಅದೇ ವರ್ಷ ಚೀನದಲ್ಲಿ ವಿಶ್ವಕಪ್. ಐವತ್ತೊಂದು ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಅಮೆರಿಕವನ್ನು ಬ್ರೆಜಿಲ್ ಉಪಾಂತ್ಯದಲ್ಲಿ 4–0 ಅಂತರದಿಂದ ಮಣಿಸಿತು. ಅಂದು ಮಾರ್ತಾ ಹೊಡೆದ ಎರಡನೆಯ ಗೋಲನ್ನು ಆಟ ಬಲ್ಲವರು ಈಗಲೂ ನೆನೆಯುತ್ತಾರೆ. ಎದುರಾಳಿಗೆ ಬೆನ್ನು ಮಾಡಿ ನಿಂತು, ಚೆಂಡನ್ನು ಆಕೆಯ ಒಂದು ಮಗ್ಗುಲಿಗೆ ಚಿಮ್ಮಿಸಿ, ತಾನು ಇನ್ನೊಂದು ಮಗ್ಗುಲಿನಿಂದ ಸುತ್ತಿ ಓಡಿ ಅದನ್ನು ಕೂಡಿಕೊಂಡಳು. ಅಡ್ಡ ಬಂದ ಮತ್ತೊಬ್ಬಳನ್ನೂ ತಪ್ಪಿಸಿ ಚೆಂಡನ್ನು ಬಲೆಗೆ ಸೇರಿಸಿದಳು. ಏಳು ಗೋಲುಗಳಿಂದ ಆ ಕೂಟದ ಅಗ್ರಗಣ್ಯಳಾದರೂ, ಜರ್ಮನಿಯ ಎದುರು ಶಾಂಘೈನ ಅಂತಿಮ ಪಂದ್ಯದಲ್ಲಿ ಅವಳ ಪೆನಾಲ್ಟಿ ಒದೆತ ವ್ಯರ್ಥವಾಯಿತು. ಬ್ರೆಜಿಲ್ 0–2 ಅಂತರದಿಂದ ಸೋತಿತು. ಬೆಳ್ಳಿಪದಕ ಪಡೆಯಲು ನಿಂತ ಆ ತಂಡದವರು ಒಂದು ಬರಹವನ್ನು ಎತ್ತಿ ಹಿಡಿದರು. ಅದು ಗೆದ್ದವರಿಗಾಗಲಿ ನೆರೆದ ಜನರಿಗಾಗಲಿ ಬರೆದುದಲ್ಲ, ತಮ್ಮ ಮನೆಯವರಿಗೇ ಬರೆದುದು. ಬ್ರೆಜಿಲ್ ದೇಶವೇ, ನಮಗೆ ನಿನ್ನ ಬೆಂಬಲ ಬೇಕಾಗಿದೆ ಎಂಬುದೇ ಅದರ ತಾತ್ಪರ್ಯ.